ಚಿತ್ರದಲ್ಲಿ ಸನ್ನಿಯ ನೆತ್ತಿ

ಆ ಚಳಿಗಾಲ ಆದೆಲ್ ಎಂಬ ಫ್ರೆಂಚ್ ಚಿತ್ರಕಾರ್ತಿ ಅರಬ್ ನಾಡಿನ ಬಂದರು ಯಾನ್ಬುವಿನ ಹಳೇ ಪೇಟೆಯಲ್ಲಿ ಬಂದು ಉಳಿದಿದ್ದಳು. ಮೀನು ತೂಗುವವರು, ಚಹಾ ಕುಡಿಯುವವರು, ಕ್ಷೌರದಂಗಡಿಯಲ್ಲಿ ಸರದಿ ಕಾಯುವವರು, ಯಾರು ಕಂಡರೂ ಅವರ ಚಿತ್ರ ಬರೆದುಕೊಳ್ಳುತ್ತಿದ್ದಳು. ಆಮೇಲೆ ಅದನ್ನು ಮರದ ಹಲಗೆಯಲ್ಲಿ ಕೆತ್ತಿ, ಶಾಯಿ ಬಳಿದು, ಕಾಗದಕ್ಕೆ ಅಚ್ಚೊತ್ತುತ್ತಿದ್ದಳು.

ರಿಫೈನರಿಯಲ್ಲಿ ಸೂಪರ್‌ವೈಸರ್ ಆಗಿದ್ದ ಶಿರ್ವದ ಸನ್ನಿಗೂ ಆಸೆಯಾಯಿತು. ಒಂದು ಶುಕ್ರವಾರ ಕೋಟು ತೊಟ್ಟು, ಇದ್ದಷ್ಟು ಕೂದಲನ್ನು ನೆತ್ತಿಯ ಮೇಲೆ ಎಳೆದು ಬಾಚಿ, ಅವಳೆದುರು ಅಲ್ಲಾಡದೆ ಕೂತ. "ನಿಮ್ಮ ಪ್ರದರ್ಶನದಲ್ಲಿ ನನ್ನದೊಂದು ಚಿತ್ರ ಖಂಡಿತ ಹಾಕಿ, ಯಾವುದಾದರೂ ಸರಿ," ಎಂದು ಹೇಳಿ ಬಂದ.

ಪ್ರದರ್ಶನದ ಸಂಜೆ ಬಸುರಿ ಹೆಂಡತಿ ಹ್ಯಾಝೆಲ್ ಜೊತೆ ಹೋಗಿ ಗೋಡೆಯುದ್ದಕ್ಕೂ ಹುಡುಕಿದ. ಕೋಟಿನ ಸನ್ನಿ ಎಲ್ಲೂ ಇಲ್ಲ. ಕೊನೆಯ ಚಿತ್ರದಲ್ಲಿ ಕಡಲ ಕಟ್ಟೆಯ ಮೇಲೆ ಒಬ್ಬ ಬಸುರಿ ಕೂತಿದ್ದಳು. ಮಂಡಿಯೂರಿದ ಗಂಡಸೊಬ್ಬ ಅವಳ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದ. ಅವನ ಮುಖ ಕಾಣುತ್ತಿರಲಿಲ್ಲ. ನಟ್ಟನಡುವೆ ಬೋಳು ನೆತ್ತಿ ಮಾತ್ರ ಹೊಳೆಯುತ್ತಿತ್ತು.

"ಇದು ನಾನಲ್ವಾ?"

"ಹೌದು. ಅವತ್ತು ಗಾಳಿಗೆ ಕೂದಲು ಹಾರಿತ್ತು," ಎಂದಳು ಹ್ಯಾಝೆಲ್. "ಆದೆಲ್ ಕೋಟಿನದ್ದು, ಇದು ಎರಡನ್ನೂ ತೋರಿಸಿ ಯಾವುದು ಹಾಕಲಿ ಅಂತ ಕೇಳಿದ್ಳು. ನಾನೇ ಇದನ್ನು ಹಾಕಿ ಅಂದೆ."

"ತಲೆ ನನ್ನದು ಮಾರಾಯ್ತಿ, ನನ್ನನ್ನು ಕೇಳ್ಬೇಕಿತ್ತಲ್ಲ."

"ಕಾಲು ನನ್ನದಲ್ವಾ?"

ಅವಳಿಗೆ ಆ ಸಂಜೆ ಚೆನ್ನಾಗಿ ನೆನಪಿತ್ತು. ಬಗ್ಗಲಾಗದೆ, ತನ್ನ ಪಾದವೇ ತನಗೆ ಎಟುಕದೆ ಅಳು ಬಂದಿತ್ತು. ಸನ್ನಿ ಏನೂ ಕೇಳದೆ, ಜನರಿದ್ದಾರೆಂದೂ ನೋಡದೆ ನೆಲಕ್ಕೆ ಕೂತಿದ್ದ.

ಅಷ್ಟರಲ್ಲಿ ಸನ್ನಿಯ ಮ್ಯಾನೇಜರ್ ತಲ್ಹಾ ಹೆಂಡತಿಯೊಂದಿಗೆ ಬಂದರು. ಸನ್ನಿ ಕಂಬದ ಮರೆಗೆ ಸರಿದ. ಆಕೆ ಚಿತ್ರವನ್ನು ಬಹಳ ಹೊತ್ತು ನೋಡಿ, ಗಂಡನಿಗೆ ಅರಬಿಯಲ್ಲಿ ಏನೋ ಹೇಳಿ, ತನ್ನ ಚಪ್ಪಲಿ ಕಡೆ ಬೆರಳು ತೋರಿಸಿದರು. ತಲ್ಹಾ ನಗುತ್ತ ತಿರುಗಿದರೆ ಸನ್ನಿ ಕಾಣಿಸಿದ.

"ಯಾರಪ್ಪ ಈ ಮನುಷ್ಯ? ನಾಳೆಯಿಂದ ನಮಗೆಲ್ಲ ಕಷ್ಟ ತಂದಿಟ್ಟ."

ಸನ್ನಿ ಒಂದು ಕ್ಷಣ ಹ್ಯಾಝೆಲ್ ಮುಖ ನೋಡಿದ. ಆಮೇಲೆ ಕಂಬ ಬಿಟ್ಟು ಈಚೆ ಬಂದ.

"ನಾನೇ, ಸಾರ್."

ತಲ್ಹಾ ಅವನ ಕೈ ಕುಲುಕಿದರು. ಆಮೇಲೆ ಸನ್ನಿಯನ್ನು ಆ ಚಿತ್ರದ ಬಳಿಯಿಂದ ಕದಲಿಸುವುದೇ ಹ್ಯಾಝೆಲ್‌ಗೆ ಕಷ್ಟವಾಯಿತು. ಬಂದವರಿಗೆಲ್ಲ ತಾನೇ ತೋರಿಸಿದ. ಊರಿಗೆ ವಿಡಿಯೋ ಕಾಲ್ ಮಾಡಿ ಅತ್ತೆ ಇಜಾಬೆಲ್ಲಾಗೂ ತೋರಿಸಿದ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹ್ಯಾಝೆಲ್‌ಳ ಮುಖ ಅಷ್ಟು ಸರಿ ಬರಲಿಲ್ಲ," ಎಂದರು. "ನಿನ್ನ ತಲೆ ಮಾತ್ರ ಇದ್ದ ಹಾಗೇ ಬಂದಿದೆ, ಮಗಾ."