ಡಾಕ್ಟರಮ್ಮನ ದನಿ

ಮೆಕ್ಯಾನಿಕ್ ಎದ್ದು ಪರದೆ ಎಳೆದ. ಭಾನುವಾರದ ಮಧ್ಯಾಹ್ನದ ಬಿಸಿಲು ಟೀವಿಯ ಮೇಲೆ ಬಿದ್ದರೆ ಕತ್ತಲೆ ಸರಿಯಾಗಿ ಕಾಣುವುದಿಲ್ಲ, ಕತ್ತಲೆ ಕಾಣದಿದ್ದರೆ ಈ ವಿಡಿಯೋ ಆಟದಲ್ಲಿ ಹೆದರುವುದಕ್ಕೆ ಏನೂ ಉಳಿಯುವುದಿಲ್ಲ. ಫೋನಿನ ಬಾಯಿ ಮುಚ್ಚಿಸಿ ದಿಂಬಿನ ಕೆಳಗೆ ತಳ್ಳಿದ. ದಿವಾನದ ಮೇಲೆ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದ ಅವನ ತಾಯಿ, "ಹಗಲುಹೊತ್ತಲ್ಲೇ ಮನೇನ ಗುಹೆ ಮಾಡ್ದ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

"ಬಾರೆ, ಶುರುವಾಯ್ತು," ಎಂದು ಅವನು ಹೆಂಡತಿಯನ್ನು ಕರೆದ.

ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ದನಿ ಬರುವುದಕ್ಕೆ ಇನ್ನೂ ಹೊತ್ತಿದೆ ಎಂದು ಅವಳಿಗೆ ಗೊತ್ತು. ಮೊದಲು ಆಟದ ಎಂಜಿನಿಯರು ಮಂಜುಗಟ್ಟಿದ ಪೆಟ್ಟಿಗೆಯೊಳಗೆ ಎಚ್ಚರಗೊಳ್ಳಬೇಕು. ನಕ್ಷತ್ರಗಳ ನಡುವೆ ತೇಲುವ ಆ ನಿಲ್ದಾಣದಲ್ಲಿ ತನ್ನನ್ನು ಬಿಟ್ಟು ಯಾರೂ ಉಳಿದಿಲ್ಲವೆಂದು ಅರಿಯಬೇಕು. ಗಾಳಿಯ ಕೊಳವೆಯಲ್ಲಿ ಏನೋ ಹರಿದಾಡುವುದನ್ನು ಕೇಳಿ, ಕೈಗೆ ಸಿಕ್ಕ ಸ್ಪ್ಯಾನರ್ ಹಿಡಿದು ಗೋಡೆಗೆ ಒರಗಬೇಕು. ಆಗ ರೇಡಿಯೋ ಕರಕರ ಎನ್ನುತ್ತದೆ, ಡಾಕ್ಟರಮ್ಮ ಮಾತಾಡುತ್ತಾಳೆ.

ಹಳೆಯ ಆಟದ ಡಾಕ್ಟರಮ್ಮ ಇವಳೇ. ಮದುವೆಯಾದ ಹೊಸದರಲ್ಲಿ, ಸೋಪಿನ ಜಾಹೀರಾತಿಗೂ ಬೆನ್ನುನೋವಿನ ಮುಲಾಮಿಗೂ ದನಿ ಕೊಟ್ಟುಕೊಂಡಿದ್ದವಳನ್ನು ಕರೆದು, ಗಾಜಿನ ಕೋಣೆಯಲ್ಲಿ ಕೂರಿಸಿ, ಒಂದಷ್ಟು ಹಾಳೆ ಕೈಗಿಟ್ಟಿದ್ದರು. ಯಾರಿಗೆ ಹೇಳುತ್ತಿದ್ದೇನೆ, ಎದುರಿಗೆ ಏನು ಬರುತ್ತಿದೆ ಎಂಬುದೊಂದೂ ತಿಳಿಯದೆ 'ಎಡಕ್ಕೆ ತಿರುಗು', 'ಅಲ್ಲೇ ನಿಲ್ಲು', 'ಗುಂಡು ಕಮ್ಮಿ ಇದೆ, ದಂಡ ಮಾಡಬೇಡ' ಎಂದು ಹೇಳಿ ಬಂದಿದ್ದಳು. ಆಟ ಹೆಸರು ಮಾಡಿತು. ಡಾಕ್ಟರಮ್ಮನಿಗೆ ಅಭಿಮಾನಿಗಳಾದರು. ಇವಳು ಮುಲಾಮಿಗೆ ವಾಪಸು ಹೋದಳು.

ಮೆಕ್ಯಾನಿಕ್ ವರ್ಷಕ್ಕೊಂದು ಸಲವಾದರೂ ಅದನ್ನು ಮೊದಲಿಂದ ಕೊನೆಯ ತನಕ ಆಡುತ್ತಿದ್ದ. ಆಟದೊಳಗೆ ಹೆಂಡತಿಯ ಮಾತನ್ನು ಅವನಷ್ಟು ಕೇಳುವ ಗಂಡ ಇನ್ನೊಬ್ಬನಿರಲಿಲ್ಲ. ಎಡಕ್ಕೆಂದರೆ ಎಡಕ್ಕೆ, ನಿಲ್ಲೆಂದರೆ ನಿಂತ. ಟೀವಿ ಆರಿಸಿದ ಮೇಲೆ ಅದೇ ದನಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಎಂದರೂ, ಆ ಹಳೇ ವ್ಯಾನು ಕೊಳ್ಳಬೇಡಿ ಎಂದರೂ, ಅದು ಬರೀ ಕೊಳವೆಯೊಳಗಿನ ಗಾಳಿ. ವ್ಯಾನು ಗ್ಯಾರೇಜಿನ ಹಿಂದೆ ಇಟ್ಟಿಗೆಗಳ ಮೇಲೆ ಇಂದಿಗೂ ವಿಶ್ರಾಂತಿ ಪಡೆಯುತ್ತಿದೆ. ಆಟದ ಕೊನೆಯಲ್ಲಿ ಡಾಕ್ಟರಮ್ಮನ ಕೋಣೆಯ ಬಾಗಿಲು ಮಾತ್ರ ತೆರೆಯುವುದಿಲ್ಲ. ಪಾರಾಗುವ ದಾರಿ ಹೇಳಿಕೊಟ್ಟು ಅವಳು ಒಳಗೇ ಉಳಿಯುತ್ತಾಳೆ. ಅವನು ಪ್ರತಿ ಸಲವೂ ಅವಳನ್ನು ಬಿಟ್ಟು ಹೊರಡುತ್ತಾನೆ, ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಾನೆ, ಆಮೇಲೆ ಊಟಕ್ಕೇನಿದೆ ಎಂದು ಕೇಳುತ್ತಾನೆ.

ಕೆಲವು ತಿಂಗಳ ಹಿಂದೆ ಅದೇ ಆಟವನ್ನು ಹೊಸದಾಗಿ ಕಟ್ಟಲು ಹೊರಟಾಗ ಅವಳನ್ನೂ ಸ್ಟುಡಿಯೋದಿಂದ ಕರೆದಿದ್ದರು. ನಿರ್ದೇಶಕಿ ಹೆಡ್‌ಫೋನನ್ನು ಕತ್ತಿಗಿಳಿಸಿಕೊಂಡು, "ನಿಮ್ಮ ದನಿ ಕೇಳ್ಕೊಂಡೇ ನಾವೆಲ್ಲ ಬೆಳೆದಿದ್ದು, ಮೇಡಂ" ಎಂದಳು. ಇಷ್ಟು ಹೊಗಳಿದ ಮಾತಿನ ಬೆನ್ನಿಗೆ ಒಂದು 'ಆದರೆ' ಕೂತಿರುತ್ತದೆಂದು ತಿಳಿಯುವಷ್ಟು ವರ್ಷ ಅವಳು ಆ ಕಸುಬಿನಲ್ಲಿದ್ದಳು.

"ಆದರೆ ಡಾಕ್ಟರಮ್ಮನಿಗೆ ಈಗಲೂ ಮೂವತ್ತೇ, ಮೇಡಂ."

"ನನಗೆ ಮಾತ್ರ ವಯಸ್ಸಾಗಿದೆ ಅನ್ನಿ."

ನಿರ್ದೇಶಕಿ ಚೆನ್ನಾಗಿ ನಕ್ಕಳು. ನಗು ಮುಗಿದ ಮೇಲೆ, ಹೊಸ ಹುಡುಗಿಗೆ ಸ್ವಲ್ಪ ಹೇಳಿಕೊಡಲಾಗುತ್ತದೆಯೇ ಎಂದು ಕೇಳಿದಳು. ಅವಳು ಹೇಳಿಕೊಟ್ಟಳು. ಮೈಕಿನಿಂದ ಮುಖ ಎಷ್ಟು ಓರೆ ಮಾಡಬೇಕು, ಉಸಿರನ್ನು ಎಲ್ಲಿ ಬಚ್ಚಿಡಬೇಕು, 'ಏನೂ ಆಗಲ್ಲ' ಎನ್ನುವಾಗ ಆಗುತ್ತದೆಂಬುದು ಕೇಳುವವನಿಗೆ ಹೇಗೆ ತಿಳಿಯಬೇಕು, ಎಲ್ಲವನ್ನೂ. ಹುಡುಗಿ ಚುರುಕು. ಕಾಲಿಗೆ ಬೇರೆ ಬಿದ್ದಳು.

ಮನೆಯಲ್ಲಿ ಮೆಕ್ಯಾನಿಕ್ ಕೇಳಿದ್ದು "ಆಟ ಯಾವಾಗ ಬರುತ್ತಂತೆ?" ಎಂದು ಮಾತ್ರ. ಆ ಕೆಲಸ ಅವಳಿಗೆ ಸಿಗದೆ ಹೋಗಬಹುದೆಂಬುದು ಅವನ ತಲೆಗೇ ಬರಲಿಲ್ಲ. ಅದನ್ನು ನಂಬಿಕೆ ಎಂದುಕೊಂಡು ಅವಳಿಗೆ ಒಂದೆರಡು ದಿನ ಹಿತವಾಗಿತ್ತು. ಅಷ್ಟರಲ್ಲಿ ಅವನು ಗ್ಯಾರೇಜಿಗೆ ಬಂದವರಿಗೆಲ್ಲ, ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡೇ, "ಹೊಸದರಲ್ಲೂ ನಮ್ಮನೆಯವಳೇ" ಎಂದು ಹೇಳಿ ಮುಗಿಸಿದ್ದ.

ಅವಳು ತಿದ್ದಲಿಲ್ಲ. ಕಾರು ಬೀದಿಯ ತುದಿಯಲ್ಲಿ ತಿರುಗುವಾಗಲೇ ಯಾವ ಚಕ್ರದ ಬೇರಿಂಗ್ ಹೋಗಿದೆಯೆಂದು ಹೇಳುವ ಕಿವಿ ಅವನದು. ಅವನೇ ಕೇಳಿ ತಿಳಿದುಕೊಳ್ಳಲಿ ಎಂದುಕೊಂಡಳು. ಮೊದಲ ಮಾತಿಗೇ ಆಟ ನಿಲ್ಲಿಸಿ, ಇತ್ತ ತಿರುಗಿ, 'ಇದು ನೀನಲ್ಲವಲ್ಲ' ಅಂದರೆ ಸಾಕು. ಆಮೇಲೆ ಸ್ಟುಡಿಯೋದ ಕಥೆಯನ್ನೆಲ್ಲ ಹೇಳಿ, ನಿರ್ದೇಶಕಿಯನ್ನು ಇಬ್ಬರೂ ಸೇರಿ ಬೈದು, ಅತ್ತರೆ ಅತ್ತು, ಆ ಹುಡುಗಿಯನ್ನು ಕ್ಷಮಿಸಿಯೂಬಿಡಬಹುದು. ಇಷ್ಟು ತಿಂಗಳು ಅವಳು ಕಾದದ್ದು ಆ ಒಂದು ಮಾತಿಗೆ.

ಟೀವಿಯೊಳಗೆ ಹೊಸ ಆಟದ ಎಂಜಿನಿಯರು ಗೋಡೆಗೆ ಒರಗಿದ. ರೇಡಿಯೋ ಕರಕರ ಎಂದಿತು.

"ನನ್ನ ದನಿ ಕೇಳಿಸ್ತಿದೆಯಾ? ಹೆದರಬೇಡ. ನಾನು ಹೇಳಿದ ಹಾಗೆ ಮಾಡು. ಏನೂ ಆಗಲ್ಲ."

ಮೆಕ್ಯಾನಿಕ್ ಆಟ ನಿಲ್ಲಿಸಿದ. ಇತ್ತ ತಿರುಗಿದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಈ ಸಲ ಇನ್ನೂ ಚೆನ್ನಾಗಿದೆ ಕಣೆ," ಎಂದ ಅವನು. ಅವನ ಕಣ್ಣು ಒದ್ದೆಯಾಗಿತ್ತು. "ಹಳೇದರಲ್ಲಿ ಎಲ್ಲೋ ಸ್ವಲ್ಪ ಉಜ್ಜೋದು ನಿನ್ನ ದನಿ. ಈಗ ನೋಡು, ಹೊಸ ಆಯಿಲ್ ಬಿಟ್ಟಂಗೆ."

ಮತ್ತೆ ಟೀವಿಯ ಕಡೆ ತಿರುಗಿ ಗುಂಡಿ ಒತ್ತಿದ. ಡಾಕ್ಟರಮ್ಮ ಎಡಕ್ಕೆ ತಿರುಗು ಎಂದಳು. ಅವನು ತಿರುಗಿದ.

"ಯಾರೋ ಈ ಹುಡುಗಿ?" ಎಂದರು ಅತ್ತೆ.

"ನಿನ್ನ ಸೊಸೆ ಕಣಮ್ಮ."

"ಇವಳಲ್ಲ ಇದು."

"ನಿನಗೆ ಕಿವಿ ಕೇಳಲ್ಲ ಅಂತ ಡಾಕ್ಟರೇ ಬರೆದುಕೊಟ್ಟಿದಾರೆ. ಸುಮ್ಮನೆ ಬಟ್ಟೆ ಮಡಿಸು."

"ನಿನ್ನ ಹೆಂಡ್ತಿ ದನಿ ಕೇಳಕ್ಕೆ ಕಿವಿ ಬೇರೆ ಬೇಕೇನೋ? ಗೋಡೆ ಆಚೆಯಿಂದ ಕೇಳಿದೀನಿ ಇಷ್ಟು ವರ್ಷ." ಅತ್ತೆ ಟೀವಿಯ ಕಡೆ ಗಲ್ಲ ಎತ್ತಿ ತೋರಿಸಿದರು. "ಈ ಮಗು ಹೆದರಿಕೊಂಡು ಹೆದರಬೇಡ ಅಂತಿದೆ. ಇವಳಿಗೆ ಹೆದರಿಕೆ ಆದ್ರೆ ಬೈತಾಳೆ. ನಿಮ್ಮಪ್ಪ ಹೋದ ದಿನ ಆಸ್ಪತ್ರೇಲಿ ನರ್ಸಿಂದ ಹಿಡಿದು ನನ್ನ ತನಕ ಎಲ್ಲರಿಗೂ ಬೈದಿದ್ಲು. ನಿನಗೆ ನೆನಪಿಲ್ವಾ?"

"ಅಮ್ಮ, ಸಾಯ್ತೀನಿ ಈಗ. ಕೊಳವೆ ಒಳಗೆ ಏನೋ ಇದೆ."

ಅವಳು ಅಡುಗೆಮನೆಯ ಬಾಗಿಲು ಬಿಟ್ಟು ಅವನ ಹತ್ತಿರ ಬಂದಳು.

"ರೀ, ಒಂದ್ನಿಮಿಷ ಕೇಳಿ. ಅತ್ತೆ ಹೇಳ್ತಿರೋದು..."

"ಶ್! ಸ್ವಲ್ಪ ಸುಮ್ಮನಿರೆ," ಎಂದ ಅವನು ಕಣ್ಣು ಕೀಳದೆ. "ನೀನು ಏನು ಹೇಳ್ತಿದೀಯ ಅಂತ ಕೇಳಿಸ್ತಿಲ್ಲ."

ಡಾಕ್ಟರಮ್ಮ ಉಸಿರು ಬಿಗಿಹಿಡಿದುಕೋ ಎಂದಳು. ಮೆಕ್ಯಾನಿಕ್ ನಿಜವಾಗಿಯೂ ಉಸಿರು ಬಿಗಿಹಿಡಿದ. ಕೊಳವೆಯೊಳಗಿನದು ಅವನ ತಲೆಯ ಮೇಲೆ ನಿಧಾನವಾಗಿ ಹರಿದುಹೋಯಿತು. ಹುಡುಗಿ ಆ ಜಾಗದಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕೋ ಅಷ್ಟೇ ಹೊತ್ತು ಸುಮ್ಮನಿದ್ದಳು. ಸ್ಟುಡಿಯೋದಲ್ಲಿ ಅದನ್ನು ಮತ್ತೆ ಮತ್ತೆ ಮಾಡಿಸಿದವಳು ಇವಳೇ.

"ನೀನೇನಾ ಅದು?" ಅತ್ತೆ ಮೆಲ್ಲಗೆ ಕೇಳಿದರು. ಮಗನಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡುವುದು ಅವರಿಗೂ ಬರುತ್ತದೆಂದು ಅವಳಿಗೆ ತಿಳಿದದ್ದು ಆವತ್ತೇ.

ಅವಳು ಗಂಡನ ಬೆನ್ನು ನೋಡಿದಳು. ಭುಜಗಳು ಮುಂದಕ್ಕೆ ಬಾಗಿದ್ದವು. ಮುಂದಿನ ಮಾತಿಗೆ ಕಾಯುತ್ತಿದ್ದವು.

"ಹೌದು ಅತ್ತೆ. ನಾನೇ."

ಅತ್ತೆ ರಾಶಿಯಿಂದ ದೊಡ್ಡ ಹೊದಿಕೆಯೊಂದನ್ನು ಎಳೆದು, ಅದರ ಎರಡು ತುದಿಗಳನ್ನು ಅವಳ ಕಡೆ ಚಾಚಿದರು. ಅವಳು ಹಿಡಿದುಕೊಂಡಳು. ಇಬ್ಬರೂ ಹೊದಿಕೆಯನ್ನು ಬಿಗಿಯಾಗಿ ಎಳೆದು ಕೊಡವಿದರು. ಅರೆಗತ್ತಲೆಯಲ್ಲಿ ಗೋಡೆಯ ಪಕ್ಕಕ್ಕೇ ಸರಿದು, ಟೀವಿಗೆ ಅಡ್ಡ ಬಾರದಂತೆ ತಲೆ ತಗ್ಗಿಸಿಕೊಂಡು, ತುದಿಗೆ ತುದಿ ಸೇರಿಸಲು ಒಬ್ಬರ ಕಡೆಗೊಬ್ಬರು ನಡೆದರು.