ಎರಡಕ್ಕಿಂತ ಹೆಚ್ಚು ಕಿವಿಗಳಿದ್ದಲ್ಲಿ

ಕಿವಿಯ ಮಷೀನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ತೀರ್ಮಾನಿಸುವ ಆ ಕಚೇರಿಯಲ್ಲಿ ಒಟ್ಟು ಸಾವಿರದ ನೂರ ಎಂಬತ್ತನಾಲ್ಕು ನಿಯಮಗಳಿದ್ದವು. ಅಷ್ಟನ್ನೂ ಕಂಪ್ಯೂಟರಿಗೆ ತುಂಬಿದವಳು ಒಬ್ಬಳೇ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ನಿಯಮದಕ್ಕ. ಸಾಹೇಬರ ಒಪ್ಪಿಗೆಯಿಲ್ಲದೆ ಒಂದೇ ಒಂದು ನಿಯಮವನ್ನೂ ಮುಟ್ಟಿದವಳಲ್ಲ ಎಂಬ ಹೆಮ್ಮೆ ಅವಳಿಗೆ.

ಬೆಳಿಗ್ಗೆ ಬಂದವಳೇ ಚೀಲವನ್ನು ಕುರ್ಚಿಗೆ ನೇತುಹಾಕಿ, ಕಂಪ್ಯೂಟರ್ ಎಚ್ಚರವಾಗಿದೆಯೇ ಎಂದು ನೋಡಲು ಒಂದು ಸುಳ್ಳು ಅರ್ಜಿ ಹಾಕುತ್ತಿದ್ದಳು. ಅದಕ್ಕೊಂದು ಗುರುತಿನ ನಂಬರು ಬೇಕಲ್ಲ? ಅವಳಿಗೆ ಬಾಯಿಪಾಠವಾಗಿದ್ದದ್ದು ಅಪ್ಪನ ನಂಬರು. ಅಪ್ಪನ ಕಿವಿ ಆಗ ಎಷ್ಟು ಚುರುಕೆಂದರೆ, ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಕ್ಕೆ ಹೊರಬಾಗಿಲಿನಿಂದ ಉತ್ತರ ಬರುತ್ತಿತ್ತು. ಅವಳು ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ 'ಅರ್ಹರಲ್ಲ' ಎಂದು ಬಂದಿದ್ದರೆ ಕಂಪ್ಯೂಟರ್ ಸರಿಯಿದೆ ಎಂದರ್ಥ. ಒಂಬತ್ತು ವರ್ಷ, ರಜೆ ಬಿಟ್ಟು ದಿನವೂ, ಅಪ್ಪ ಅರ್ಹರಲ್ಲ ಎಂದು ಖಚಿತ ಮಾಡಿಕೊಂಡೇ ಅವಳು ಕೆಲಸ ಶುರು ಮಾಡಿದ್ದಳು.

ಒಂದೊಂದು ಅರ್ಜಿಗೂ ಅಷ್ಟೂ ನಿಯಮಗಳ ಕೈಯಲ್ಲಿ ಹೌದು-ಅಲ್ಲ ಅನ್ನಿಸಿಕೊಂಡು ಬರಲು ಹನ್ನೊಂದು ನಿಮಿಷ ಹಿಡಿಯುತ್ತಿತ್ತು. ಕ್ಯೂ ಬಾಗಿಲು ದಾಟಿ ಮೆಟ್ಟಿಲಿಳಿಯಿತು. ಕೊನೆಗೆ ಸಾಹೇಬರು ಒಬ್ಬ ತಜ್ಞನನ್ನು ಕರೆಸಿದರು. ಸಾಹೇಬರಿಗೆ ನಿವೃತ್ತಿಗೆ ಇನ್ನೆರಡೇ ವರ್ಷ. ಯಾರೇನು ಹೇಳಿದರೂ ಮೊದಲ ಸಲ "ಆಂ?" ಅನ್ನುವುದು, ಎರಡನೆಯ ಸಲ ತಲೆಯಾಡಿಸಿಬಿಡುವುದು ಅವರ ರೂಢಿ.

"ಮಷೀನ್ ಲರ್ನಿಂಗ್ ಸಾರ್," ಎಂದ ತಜ್ಞ. "ಹಳೇ ದಾಖಲೆ ಎಲ್ಲಾ ಓದಿ, ಯಾವ ಉತ್ತರ ಮತ್ತೆ ಮತ್ತೆ ಬೇಕಾಗುತ್ತೆ ಅಂತ ಅದೇ ಕಲಿಯುತ್ತೆ. ಅಂಥದ್ದನ್ನ ಮೊದಲೇ ಕಪಾಟಲ್ಲಿ ತೆಗೆದಿಟ್ಟಿರುತ್ತೆ. ಕೇಳಿದ ತಕ್ಷಣ ಕೊಡುತ್ತೆ, ನಿಯಮಗಳನ್ನ ಎಬ್ಬಿಸೋದೇ ಬೇಡ."

"ಆಂ?"

ತಜ್ಞ ಇನ್ನೊಮ್ಮೆ ಹೇಳಿದ. ಸಾಹೇಬರು ತಲೆಯಾಡಿಸಿದರು. ಕ್ಯೂ ಕರಗಿತು. ಜನ ಬಂದಷ್ಟೇ ಬೇಗ ಹೋಗತೊಡಗಿದರು, ಕೆಲವರು ಕಿವಿಯ ಮಷೀನಿನೊಂದಿಗೆ, ಬಹಳ ಮಂದಿ ಬರಿಗೈಯಲ್ಲಿ.

ಅದೇ ವರ್ಷ ಅಪ್ಪನ ಕಿವಿ ಕೈಕೊಟ್ಟಿತು. ಊಟಕ್ಕೆ ಕೂತಾಗ ಎಲ್ಲರೂ ನಕ್ಕರೆ ಅಪ್ಪನೂ ನಗುತ್ತಿದ್ದರು, ಸ್ವಲ್ಪ ತಡವಾಗಿ, ಒಬ್ಬೊಬ್ಬರ ಮುಖ ನೋಡಿಕೊಂಡು. ಅದನ್ನು ನೋಡಲಾರದೆ ಅವಳು ಅಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರ ಚೀಟಿ ಲಗತ್ತಿಸಿ, ಮೊದಲ ಬಾರಿಗೆ ಅಪ್ಪನ ನಂಬರಿನಲ್ಲಿ ನಿಜವಾದ ಅರ್ಜಿ ಹಾಕಿದಳು. ಗುಂಡಿಯಿಂದ ಬೆರಳು ತೆಗೆಯುವ ಮೊದಲೇ 'ಅರ್ಹರಲ್ಲ' ಎಂದು ಬಂತು. ಏಳು ಸಲ ಹಾಕಿದಳು, ಏಳು ಸಲವೂ ಅದೇ.

"ನಿಮ್ಮಪ್ಪ ಇಡೀ ಕಚೇರೀಲೇ ಅತಿ ಹೆಚ್ಚು ಬೇಡಿಕೆ ಇರೋ ವ್ಯಕ್ತಿ ಅಕ್ಕಾ!" ತಜ್ಞನಿಗೆ ಖುಷಿಯೋ ಖುಷಿ. "ಒಂಬತ್ತು ವರ್ಷ ಒಂದೇ ಉತ್ತರ. ಹಾಗಾಗಿ ಆ ನಂಬರ್ ಕಂಡ್ರೆ ಅದು ಚೀಟಿಗೀಟಿ ಏನೂ ಓದಲ್ಲ."

"ಮತ್ತೆ ಮತ್ತೆ ಹಾಕಿದ್ರೆ?"

"ಹಾಕಿದಷ್ಟೂ ನಿಮಗೆ ಆ ಉತ್ತರಾನೇ ಇಷ್ಟ ಅಂದ್ಕೊಳ್ಳುತ್ತೆ. ಕಪಾಟು ಖಾಲಿಯಾಗ್ಬೇಕು ಅಂದ್ರೆ ಯಾವುದಾದ್ರೂ ಒಂದು ನಿಯಮ ಬದಲಾಗ್ಬೇಕು, ಇಲ್ಲಾ ಹೊಸದೊಂದು ಸೇರ್ಬೇಕು."

ಸಾಹೇಬರ ಹತ್ತಿರ ಹೋದಳು. ಎಷ್ಟು ಜೋರಾಗಿ ಕೇಳಿಕೊಂಡಳೆಂದರೆ ಅವರಿಗೆ "ಆಂ?" ಅನ್ನಲೂ ಎಡೆಯಿರಲಿಲ್ಲ. "ನಾಡಿದ್ದು ಮೇಲಿನವರು ವೇಗ ನೋಡೋಕೆ ಬರ್ತಿದಾರೆ. ಈಗ ನಿಯಮ ಮುಟ್ಟಿದ್ರೆ ನನ್ನ ಮಾನ ಹೋಗುತ್ತಮ್ಮ. ಮುಂದಿನ ವರ್ಷ ನೋಡೋಣ," ಎಂದರು. ಮುಂದಿನ ವರ್ಷದವರೆಗೆ ಅಪ್ಪ ಮುಖ ನೋಡಿಕೊಂಡು ನಗಬೇಕು.

ಮೇಲಿನವರು ಐದು ಜನ ಬಂದರು. ಕೀಲಿಮಣೆಯ ಮುಂದೆ ನಿಯಮದಕ್ಕ, ಬೆನ್ನ ಹಿಂದೆ ಸಾಹೇಬರು. ಅತಿ ವೇಗದ ಉತ್ತರ ಬೇಕೆಂದು ತಜ್ಞ ಆರಿಸಿಕೊಟ್ಟದ್ದು ಅಪ್ಪನ ನಂಬರನ್ನೇ. ಕಣ್ಣು ಮಿಟುಕಿಸುವುದರೊಳಗೆ 'ಅರ್ಹರಲ್ಲ'. ಐದೂ ಜನ ಚಪ್ಪಾಳೆ ತಟ್ಟಿದರು. ತನ್ನ ಅಪ್ಪನ ಕಿವುಡಿಗೆ ಚಪ್ಪಾಳೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಸಾರ್, ಒಂದು ಹೊಸ ನಿಯಮ ಸೇರಿಸ್ಲಾ?" ಎಂದಳು ತಣ್ಣಗೆ, ಪರದೆಯಿಂದ ಕಣ್ಣು ತೆಗೆಯದೆ.

"ಆಂ?"

ಅಷ್ಟೇ ಮೆಲ್ಲಗೆ ಇನ್ನೊಮ್ಮೆ ಕೇಳಿದಳು. ಸಾಹೇಬರು ತಲೆಯಾಡಿಸಿದರು.

ಸಾವಿರದ ನೂರ ಎಂಬತ್ತೈದನೆಯ ನಿಯಮ ಹೀಗಿತ್ತು: 'ಅರ್ಜಿದಾರರಿಗೆ ಎರಡಕ್ಕಿಂತ ಹೆಚ್ಚು ಕಿವಿಗಳಿದ್ದಲ್ಲಿ ಕಚೇರಿಯ ಗಮನಕ್ಕೆ ತರತಕ್ಕದ್ದು.'

"ಇನ್ನೊಂದ್ಸಲ ತೋರ್ಸಮ್ಮ," ಎಂದರು ಸಾಹೇಬರು, ಎದೆಯುಬ್ಬಿಸಿ.

ಅವಳು ಅಪ್ಪನ ನಿಜವಾದ ಅರ್ಜಿಯನ್ನೇ ಹಾಕಿದಳು. 'ಪರಿಶೀಲಿಸಲಾಗುತ್ತಿದೆ' ಎಂದು ಬಂದದ್ದು ಹಾಗೇ ನಿಂತಿತು. ನಾಲ್ಕನೆಯ ನಿಮಿಷಕ್ಕೆ ಸಾಹೇಬರ ಮಾತು ಖಾಲಿಯಾಯಿತು, ಏಳನೆಯದಕ್ಕೆ ಕರವಸ್ತ್ರ ಒದ್ದೆಯಾಯಿತು. ಹನ್ನೊಂದನೆಯ ನಿಮಿಷಕ್ಕೆ 'ಅರ್ಹರು' ಎಂದು ಬಂದಾಗಲೂ ಅತಿಥಿಗಳು ಚಪ್ಪಾಳೆ ತಟ್ಟಿದರು. ಪಾಪ, ಅವರು ಚಪ್ಪಾಳೆಗೆಂದೇ ಬಂದವರು.

ಅವರು ಹೋದಮೇಲೆ ಸಾಹೇಬರು ಹಾರಾಡಿದರು. "ಯಾರನ್ನ ಕೇಳಿ ಸೇರಿಸ್ದೆ?"

"ನಿಮ್ಮನ್ನೇ ಸಾರ್. ಎರಡು ಸಲ ಕೇಳಿದೆ. ನೀವು ತಲೆಯಾಡ್ಸಿದ್ರಿ."

ಇಲ್ಲ ಅನ್ನಬೇಕಾದರೆ ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗಿತ್ತು. ಸಾಹೇಬರು ಮತ್ತೊಮ್ಮೆ ತಲೆಯಾಡಿಸಿದರು. ಹದಿನೈದು ದಿನಕ್ಕೆ ಮೇಲಿನಿಂದ ಸುತ್ತೋಲೆ ಬಂತು: ಎರಡಕ್ಕಿಂತ ಹೆಚ್ಚು ಕಿವಿಗಳುಳ್ಳವರ ಪಟ್ಟಿಯನ್ನು ಪ್ರತಿ ತಿಂಗಳೂ ಕಳುಹಿಸುವುದು.

ಅಪ್ಪ ಮಷೀನು ಹಾಕಿಕೊಂಡ ಸಂಜೆ ಅವಳು ಎಂದಿನಂತೆ ಗಂಟಲು ಹರಿಯುವಂತೆ ಊಟಕ್ಕೆ ಕರೆದಳು. "ಯಾಕೇ ಹಾಗೆ ಕಿರುಚ್ತೀಯ, ನಾನೇನು ಕಿವುಡನಾ?" ಎಂದರು ಅಪ್ಪ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮರುದಿನ ಬೆಳಿಗ್ಗೆ ಚೀಲ ನೇತುಹಾಕಿ ಕೂತಳು. ಬೆರಳು ಅಭ್ಯಾಸಬಲದಿಂದ ಅಪ್ಪನ ನಂಬರಿಗೆ ಹೋಯಿತು, ಅರ್ಧಕ್ಕೇ ನಿಂತಿತು. ಅಳಿಸಿ, ಸಾಹೇಬರ ನಂಬರು ಒತ್ತಿ, ಚಹಾಕ್ಕೆ ಎದ್ದುಹೋದಳು. ಬಂದು ನೋಡಿದರೆ 'ಅರ್ಹರಲ್ಲ' ಎಂದಿತ್ತು. ಕಂಪ್ಯೂಟರ್ ಸರಿಯಿತ್ತು. ಅಂದಿನಿಂದ ದಿನವೂ ಅದೇ ನಂಬರು.