ಐದು ಜಿಬಿಯ ಮೊಣಕಾಲು ನೋವು

ನಾದಿನಿ ರೂಪಳ ಮದುವೆಯಾಗಿ ಮೂರು ತಿಂಗಳ ಮೇಲೆ ವೀಡಿಯೊ ಚಿಂತಾಮಣಿಯ ಅವಳ ಗಂಡನ ಮನೆ ತಲುಪಿತು. ಅದನ್ನು ತರಲೆಂದು ನಮ್ಮವರು ಎಂಟು ಜಿಬಿಯ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೋದವರು ಬರಿಗೈಯಲ್ಲಿ ಜಂಗಮಕೋಟೆಗೆ ವಾಪಸಾದರು.

"ಏಳು ಜಿಬಿ ಜಾಗ ಐತೆ, ವೀಡಿಯೊ ಐದೇ. ಆದ್ರೂ ಜಾಗ ಇಲ್ಲ ಅಂತದೆ."

"ಬೇಡ ಅಂತ ದೇವರೇ ಹೇಳ್ತಾವ್ನೆ, ಬಿಟ್ಬಿಡಪ್ಪ," ಎಂದು ಅತ್ತೆ ಗಂಗುಲಮ್ಮ ಮೊಣಕಾಲು ನೀವಿಕೊಂಡರು.

ಆ ಮೊಣಕಾಲಿಗೆ ರೂಪಳ ಮದುವೆಗೂ ಮುಂಚಿನಿಂದ ನೋವು. ಹಾಗಾಗಿ ರೇಷ್ಮೆ ಹುಳುವಿಗೆ ತೋಟದಿಂದ ಸೊಪ್ಪು ಹೊರುವುದು ನನ್ನೊಬ್ಬಳ ಪಾಲು. ಆದರೆ ಮದುವೆ ಮೆರವಣಿಗೆಯಲ್ಲಿ ತಮಟೆ ಸದ್ದಿಗೆ ಅತ್ತೆ ಸೆರಗು ಸಿಕ್ಕಿಸಿ ಕುಣಿದರೆಂದು ಇಡೀ ಬೀದಿ ಹೇಳುತ್ತದೆ. ನಾನು ಅಡುಗೆಯವರ ಹತ್ತಿರವಿದ್ದೆ, ನೋಡಲಿಲ್ಲ. "ಯಾರೋ ತಳ್ಳಿದ್ರು, ಎಡವಿದೆ," ಎನ್ನುತ್ತಾರೆ ಅತ್ತೆ. ಸತ್ಯವೆಲ್ಲ ಆ ಐದು ಜಿಬಿಯೊಳಗಿತ್ತು.

ಒಂಬತ್ತನೇ ಕ್ಲಾಸಿನ ಮಗಳು ಲಾವಣ್ಯ ಶಾಲೆಯ ಕಂಪ್ಯೂಟರ್ ಮೇಡಂರನ್ನು ಕೇಳಿ ಬಂದಳು.

"ನಾಲ್ಕು ಜಿಬಿಗಿಂತ ದೊಡ್ಡ ಫೈಲು ಇದ್ರಲ್ಲಿ ಕೂರಲ್ವಂತಮ್ಮ. ಎನ್‌ಟಿಎಫ್‌ಎಸ್ ಅಂತ ಇನ್ನೊಂದು ಥರ ಐತೆ, ಹಂಗೆ ಫಾರ್ಮ್ಯಾಟ್ ಮಾಡಿದ್ರೆ ಕೂರ್ತದೆ. ಆದ್ರೆ ಈಗ ಒಳಗಿರೋದೆಲ್ಲ ಅಳಿಸಿ ಹೋಗ್ತದೆ."

"ನನ್ ದೇವರನಾಮ ಅದ್ರಲ್ಲೇ ಐತಲ್ಲೇ," ಅತ್ತೆಯ ದನಿಯಲ್ಲಿ ಗೆಲುವು.

"ಹುಳು ಮನೆ ತೊಳೆಯೋಕೆ ಮುಂಚೆ ತಟ್ಟೆ ಎಲ್ಲ ಆಚೆ ಇಡಲ್ವಾ ಅಜ್ಜಿ? ಹಂಗೇ. ನಿನ್ ಹಾಡು ಮೊದ್ಲು ಕಂಪ್ಯೂಟರಿಗೆ ಹಾಕಿಟ್ಟು ಆಮೇಲೆ ತೊಳೀತೀನಿ."

ಅವಳು ನಡುಮನೆಯ ಕಂಪ್ಯೂಟರ್ ಮುಂದೆ ಕೂತಾಗ ಅತ್ತೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. "ಈಗ ಯಾವುದು ಒತ್ತಿದೆ? ಕೆಳಗಿಂದ ಎಷ್ಟನೇ ಸಾಲು?" ಈ ವಯಸ್ಸಿನಲ್ಲೂ ಕಲಿಯುವ ಆಸೆಯಿದೆಯಲ್ಲ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ, ಕಾಫಿಯನ್ನು ಅಲ್ಲಿಗೇ ತಂದುಕೊಟ್ಟೆ.

ಭಾನುವಾರ ಬೆಳಿಗ್ಗೆ ನಮ್ಮವರು ಚಿಂತಾಮಣಿಗೆ ಹೋಗಿ ಐದು ಜಿಬಿಯನ್ನೂ ತುಂಬಿಸಿಕೊಂಡು ಬಂದರು. ಸಂಜೆ ಎಲ್ಲರೂ ಕೂತು ನೋಡುವುದೆಂದಾಯಿತು. ನಾನು ಹುಳುವಿಗೆ ಮಧ್ಯಾಹ್ನದ ಸೊಪ್ಪು ಹಾಕಿ ಬಂದಾಗ ಅತ್ತೆ ಜಗಲಿಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದರು. ನೆಮ್ಮದಿ ಸ್ವಲ್ಪ ಹೆಚ್ಚೇ ಇದ್ದಂತಿತ್ತು.

ಸಂಜೆ ಲಾವಣ್ಯ ಪೆನ್‌ಡ್ರೈವ್ ಚುಚ್ಚಿದಳು. ಒಳಗೆ ಏನೂ ಇಲ್ಲ.

"ಅಜ್ಜಿ," ಎಂದಳು ನಿಧಾನವಾಗಿ.

"ಏನಮ್ಮ? ತೊಳೀಬೇಕು ಅಂತ ನೀನೇ ಹೇಳಿದ್ಯಲ್ಲ. ಇನ್ನೊಂದು ಸಲ ತೊಳೆದೆ."

ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡೆ.

"ಹೋಗ್ಲಿ ಬಿಡಿ ಅತ್ತೆ, ಬೇಜಾರು ಮಾಡ್ಕೋಬೇಡಿ. ಅಸಲು ವೀಡಿಯೊ ರೂಪನ ಮನೇಲೇ ಐತೆ. ಬರೋ ಭಾನುವಾರ ತರ್ಸೋಣ."

ಅತ್ತೆಯ ಬಾಯಿ ಜಗಿಯುವುದನ್ನು ನಿಲ್ಲಿಸಿತು.

ಮರುದಿನ ಬೆಳಿಗ್ಗೆ ಸೊಪ್ಪಿನ ಕುಡುಗೋಲು ಜಾಗದಲ್ಲಿರಲಿಲ್ಲ. ತೋಟಕ್ಕೆ ಹೋದರೆ ಅತ್ತೆ ಆಗಲೇ ಒಂದು ಹೊರೆ ಕೊಯ್ದು ಕಟ್ಟುತ್ತಿದ್ದರು.

"ಮೊಣಕಾಲು, ಅತ್ತೆ?"

"ಅದನ್ನೂ ತೊಳೆದ್ಬಿಟ್ಟೆ ಕಣಮ್ಮ. ಭಾನುವಾರ ಅವನಿಗೆ ಬೇರೆ ಏನಾದ್ರೂ ಕೆಲಸ ಹೇಳು."

ಅರ್ಧ ಹೊರೆ ನನ್ನ ತಲೆಗೇರಿಸಿಕೊಂಡೆ. ಭಾನುವಾರ ನಮ್ಮವರನ್ನು ಗೌರಿಬಿದನೂರಿನ ಚಿಕ್ಕಮ್ಮನ ಮನೆಗೆ ಕಳಿಸಿದೆ. ಖಾಲಿ ಪೆನ್‌ಡ್ರೈವ್ ಸಾಸಿವೆ ಡಬ್ಬದಲ್ಲಿದೆ. ಒಗ್ಗರಣೆ ಹಾಕುವಾಗ ಅತ್ತೆಯ ಕಣ್ಣಿಗೆ ದಿನಕ್ಕೆರಡು ಸಲ ಬೀಳುತ್ತದೆ.